‘ಡೆಲಿವರೆನ್ಸ್’ ಸಿನಿಮಾ ಮನೆಮಂದಿ ಜೊತೆ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮೊದಲು ವಿಷಯ ಹೇಳಿಬಿಡುತ್ತೇನೆ. 1972ರ ಇಂಗ್ಲಿಷ್ ಸಿನಿಮಾ ‘ಡೆಲಿವರೆನ್ಸ್’ನಲ್ಲಿ ಒಬ್ಬ ಗಂಡಸಿನ ಮೇಲೆ ಅತ್ಯಾಚಾರ ಮಾಡುವ ದೃಶ್ಯ ಇದೆ. ಕ್ಷಣದಲ್ಲಿ ಬಂದು ಹೋಗುವಂಥದ್ದಲ್ಲ, ನಿಮಿಷಗಟ್ಟಲೆ ನಡೆಯುತ್ತದೆ. ಸಿನಿಮಾ ಶುರುವಾಗಿ ಸುಮಾರು ಮುಕ್ಕಾಲು ಗಂಟೆಗೆ ಬರುತ್ತದೆ. ಮಕ್ಕಳು, ಹಿರಿಯರು ಕೂತಿರುವಾಗ ಹಾಕಬೇಡಿ. ಇಂಥ ಕಷ್ಟ ಅನುಭವಿಸಿದವರು ಯಾರಾದರೂ ಮನೆಯಲ್ಲಿದ್ದರೆ, ಅವರಿಗೆ ಹೇಳದೆ ಹಾಕಲೇಬೇಡಿ. ಇಷ್ಟೇ ಮಾತು ನನಗೆ ಯಾರಾದರೂ ಮುಂಚೆ ಹೇಳಿದ್ದರೆ ಸಾಕಿತ್ತು.

ದಸರಾ ರಜೆಗೆ ಅಪ್ಪಯ್ಯ ನಮ್ಮ ಮನೆಗೆ ಬಂದಿದ್ದರು. ಅವರದು ಶರಾವತಿ ಮುಳುಗಡೆಯ ಊರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಅವರಿಗೆ ಹದಿಮೂರು ವರ್ಷ. ನನ್ನ ಮಗನಿಗೂ ಈಗ ಅಷ್ಟೇ ವಯಸ್ಸು. ಮೂವರೂ ಕೂತು ನೋಡುವಂಥ ಒಂದು ಹಳೇ ಸಿನಿಮಾ ಹುಡುಕುತ್ತಿದ್ದೆ. ಕಾಡು, ನದಿ, ಜೀವ ಉಳಿಸಿಕೊಳ್ಳುವ ಹೋರಾಟ, ಇಂಥದ್ದು ಮಗನಿಗೆ ಇಷ್ಟ. ಇದರ ಕಥೆ ಓದಿದಾಗ ಅಪ್ಪಯ್ಯನಿಗಾಗಿಯೇ ಮಾಡಿದ ಹಾಗೆ ಅನ್ನಿಸಿತು. ಅಟ್ಲಾಂಟಾದ ನಾಲ್ವರು ಗೆಳೆಯರು. ಒಂದು ನದಿಗೆ ಅಣೆಕಟ್ಟು ಬರುತ್ತಿದೆ, ಕಣಿವೆ ಪೂರ್ತಿ ಮುಳುಗಲಿದೆ. ಅದಕ್ಕೂ ಮುಂಚೆ ಒಂದು ಸಲ ಆ ನದಿಯಲ್ಲಿ ದೋಣಿಯಲ್ಲಿ ಹೋಗಿಬರೋಣ ಅಂತ ಹೊರಡುತ್ತಾರೆ.

ನೋಡಿದವರ ಅಭಿಪ್ರಾಯಗಳನ್ನು ಒಂದು ಗಂಟೆ ಕೂತು ಓದಿದೆ. ಎಲ್ಲರದ್ದೂ ಹೊಗಳಿಕೆ. ಜಾರ್ಜಿಯಾ ಮತ್ತು ಸೌತ್ ಕೆರೊಲಿನಾ ಗಡಿಯ ಚಟೂಗ ನದಿಯಲ್ಲೇ ಚಿತ್ರೀಕರಣ ಮಾಡಿದ್ದಾರೆ, ಆಗ ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ, ನಟರೇ ಹುಟ್ಟು ಹಾಕಿದ್ದಾರೆ. ಬರ್ಟ್ ರೆನಾಲ್ಡ್ಸ್ ಜಲಪಾತದಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರು, ಜಾನ್ ವಾಯ್ಟ್ ತಾವೇ ಬಂಡೆ ಹತ್ತಿದರು. ಅತ್ಯುತ್ತಮ ಚಿತ್ರ, ನಿರ್ದೇಶನ, ಸಂಕಲನ ಅಂತ ಮೂರು ಆಸ್ಕರ್ ನಾಮನಿರ್ದೇಶನ ಬಂದಿತ್ತು. ಇದೆಲ್ಲ ನಿಜವೇ. ಅದಕ್ಕೇ ನಂಬಿದೆ. ದುಡ್ಡು ಕೊಟ್ಟು ಬಾಡಿಗೆಗೆ ತೆಗೆದುಕೊಂಡೆ.

ಸಂಜೆ ಮಂಡಕ್ಕಿ ಕಲಸಿ ಇಟ್ಟುಕೊಂಡು ಕೂತೆವು. ಶುರುವಿನಲ್ಲಿ ಗಿಟಾರು ಹಿಡಿದವನೊಬ್ಬ, ಬ್ಯಾಂಜೊ ಹಿಡಿದ ಹುಡುಗನೊಬ್ಬ ಒಬ್ಬರಿಗೊಬ್ಬರು ಸವಾಲು ಹಾಕಿದಂತೆ ನುಡಿಸುತ್ತಾರಲ್ಲ, ಅಲ್ಲಿ ಅಪ್ಪಯ್ಯ ಕುರ್ಚಿಯ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಮಗ ಒಮ್ಮೆ ಅಜ್ಜನ ಬೆರಳು, ಒಮ್ಮೆ ಟೀವಿ ನೋಡುತ್ತಿದ್ದ. ಆ ಹೊತ್ತಿಗೆ ನನಗೆ ತುಂಬಾ ಖುಷಿಯಾಗಿತ್ತು.

ಆಮೇಲೆ ಇಬ್ಬರು ದೋಣಿ ದಡಕ್ಕೆ ಹಚ್ಚಿ ಕಾಡಿಗೆ ಕಾಲಿಡುತ್ತಾರೆ. ಅಲ್ಲಿ ಇನ್ನಿಬ್ಬರು ಎದುರಾಗುತ್ತಾರೆ, ಒಬ್ಬನ ಕೈಯಲ್ಲಿ ಬಂದೂಕು. ದರೋಡೆ ಇರಬೇಕು ಅಂದುಕೊಂಡೆ. ಒಬ್ಬನನ್ನು ಮರಕ್ಕೆ ಕಟ್ಟಿದರು, ಇನ್ನೊಬ್ಬನಿಗೆ ಬಟ್ಟೆ ಬಿಚ್ಚು ಅಂದರು. ಏನೋ ಸರಿಯಿಲ್ಲ ಅಂತ ಗೊತ್ತಾಯಿತು, ಆದರೆ ಕೈಕಾಲು ಆಡಲಿಲ್ಲ. ರಿಮೋಟು ಮಗನ ಕಾಲಿನ ಹತ್ತಿರ ಇತ್ತು. ಅಪ್ಪಯ್ಯ ಎದ್ದು ಅವನ ಭುಜ ಹಿಡಿದು, “ಬಾರೋ, ಅಂಗಳಕ್ಕೆ ಹೋಗೋಣ” ಅಂದರು. ಅವರ ದನಿ ನಡುಗುತ್ತಿತ್ತು. ನಾನು ಟೀವಿಯ ಸ್ವಿಚ್ಚನ್ನೇ ಆರಿಸಿದೆ. ಅಷ್ಟರಲ್ಲಿ ಮಗ ನೋಡಬಾರದ್ದನ್ನು ನೋಡಿಯಾಗಿತ್ತು. ಕಿರುಚಾಟವನ್ನೂ ಕೇಳಿಯಾಗಿತ್ತು.

ರಾತ್ರಿ ಮಲಗುವಾಗ ಕೇಳಿದ, “ಅಮ್ಮಾ, ಗಂಡಸರಿಗೂ ಹೀಗೆ ಮಾಡ್ತಾರಾ?” ಮಾಡುತ್ತಾರೆ, ಅದು ದೊಡ್ಡ ಅಪರಾಧ, ಯಾರೇ ನಿನ್ನ ಹತ್ತಿರ ತಪ್ಪಾಗಿ ನಡೆದುಕೊಂಡರೂ ತಕ್ಷಣ ನನಗೆ ಹೇಳು ಅಂದೆ. ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯಿಸುತ್ತೆ ಅಂತಲೂ ಹೇಳಿದೆ. ಈ ಮಾತು ಅವನ ಜೊತೆ ಆಡಲೇಬೇಕಿತ್ತು ನಿಜ. ಆದರೆ ಹೀಗೆ, ಹೆದರಿ ನಿದ್ದೆ ಬಾರದೆ ಮಲಗಿದ ಹುಡುಗನ ಹತ್ತಿರ ಅಲ್ಲ.

ಮರುದಿನ ಅವೇ ಅಭಿಪ್ರಾಯಗಳನ್ನು ಮತ್ತೆ ತೆಗೆದು ಓದಿದೆ. ಹೊಗಳಿದವರು ಹೆಚ್ಚಿನವರು ಈ ವಿಷಯವನ್ನೇ ಎತ್ತಿಲ್ಲ. ಕೆಲವರು ‘ಆ ದೃಶ್ಯ’ ಅಂತ ಬರೆದು ಮುಂದೆ ಹೋಗಿದ್ದಾರೆ, ಎಲ್ಲರಿಗೂ ಗೊತ್ತಿರುವ ಹಾಗೆ. ಮೊದಲ ಸಲ ನೋಡುವವರಿಗೆ ಹೇಗೆ ತಿಳಿಯಬೇಕು? ಇನ್ನು ಕೆಲವರದ್ದು ತಮಾಷೆ. ಹಂದಿಯ ಹಾಗೆ ಕಿರುಚು ಅಂತ ಅಲ್ಲಿ ಹಿಂಸಿಸುತ್ತಾರೆ. ಅದನ್ನೇ ನಗೆಚಟಾಕಿ ಮಾಡಿಕೊಂಡಿದ್ದಾರೆ. ಹಿಂದಿನ ದಿನ ಓದಿದಾಗ ಹಂದಿ ಬೇಟೆಯ ದೃಶ್ಯ ಏನೋ ಇರಬೇಕು ಅಂದುಕೊಂಡಿದ್ದೆ.

ನನಗೆ ಜಾಸ್ತಿ ನೋವಾಗಿದ್ದು ಇದೇ. ಅತ್ಯಾಚಾರಕ್ಕೆ ಒಳಗಾಗುವವನ ಪಾತ್ರ ಮಾಡಿದವರು ನೆಡ್ ಬೀಟಿ, ಅವರ ಮೊದಲ ಸಿನಿಮಾ ಇದು. ಬೀದಿಯಲ್ಲಿ ಕಂಡವರು ವರ್ಷಗಟ್ಟಲೆ ಆ ಮಾತನ್ನು ಅವರತ್ತ ಕೂಗುತ್ತಿದ್ದರಂತೆ. 1989ರಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಬರೆದರು, ಗಂಡಸರಿಗೂ ಅತ್ಯಾಚಾರದ ಭಯ ಇದ್ದಿದ್ದರೆ ಹೇಗಿರುತ್ತಿತ್ತು ಅಂತ. ಅದೇ ಕೆಲಸ ಹೆಣ್ಣಿನ ಮೇಲೆ ನಡೆದಿದ್ದರೆ ಅಭಿಪ್ರಾಯ ಬರೆಯುವವರು ಮೊದಲ ಸಾಲಿನಲ್ಲೇ ಎಚ್ಚರಿಸುತ್ತಿದ್ದರು, ಅಲ್ವಾ?

ನನ್ನ ತಪ್ಪೂ ಇದೆ. ಈ ಸಿನಿಮಾಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ‘ಆರ್’ ಸರ್ಟಿಫಿಕೇಟು. ಹದಿನೇಳು ತುಂಬದವರು ಅಪ್ಪ ಅಮ್ಮ ಜೊತೆಗಿದ್ದರೆ ನೋಡಬಹುದು ಅನ್ನುವುದು ಅಲ್ಲಿನ ನಿಯಮ. ಜೊತೆಗೆ ನಾನಿದ್ದೇನಲ್ಲ, ಸಾಕು ಅಂದುಕೊಂಡೆ. ನಮ್ಮ ‘ಎ’ ಬೇರೆ, ಅದರಲ್ಲಿ ಹದಿನೆಂಟು ತುಂಬದವರಿಗೆ ಥಿಯೇಟರಿನಲ್ಲಿ ಪ್ರವೇಶವೇ ಇಲ್ಲ. ಹಳೇ ಸಿನಿಮಾದಲ್ಲಿ ಏನು ಮಹಾ ಇರುತ್ತೆ ಅನ್ನುವ ನಂಬಿಕೆಯನ್ನೂ ದಯವಿಟ್ಟು ಬಿಡಿ. ಎಪ್ಪತ್ತರ ದಶಕದ ಹಾಲಿವುಡ್ ಸಿನಿಮಾಗಳು ತುಂಬಾ ಕಠೋರವಾಗಿರುತ್ತವೆ. ಸಿನಿಮಾಗಳ ಮಾಹಿತಿ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಪೋಷಕರಿಗೆ ಅಂತಲೇ ಒಂದು ಭಾಗ ಇದೆ. ಹಿಂಸೆ, ಲೈಂಗಿಕ ದೃಶ್ಯ, ಬೈಗುಳ ಏನೇನಿದೆ ಅಂತ ಅಲ್ಲಿ ಬರೆದಿರುತ್ತಾರೆ. ಸ್ಟಾರುಗಳನ್ನು ಎಣಿಸುತ್ತಾ ಕೂತ ನಾನು ಅದನ್ನು ತೆರೆದೇ ಇರಲಿಲ್ಲ. ಕಡಿಮೆ ಅಂಕ ಕೊಟ್ಟವರ ಮಾತನ್ನೂ ಓದಿ. ಬೇಸರ ಆದವರು ಯಾಕೆ ಬೇಸರ ಆಯಿತು ಅಂತ ಬರೆಯುತ್ತಾರೆ.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದು ವಾರ ಬಿಟ್ಟು ಒಬ್ಬಳೇ ಪೂರ್ತಿ ನೋಡಿದೆ. ನಿರ್ದೇಶಕ ಜಾನ್ ಬೂರ್ಮನ್ ಆ ದೃಶ್ಯವನ್ನು ನಗಿಸಲು ಮಾಡಿಲ್ಲ, ಚಪಲಕ್ಕೂ ಮಾಡಿಲ್ಲ. ನೋಡುವವರಿಗೆ ಹಿಂಸೆ ಆಗಲಿ ಅಂತಲೇ ಮಾಡಿದ್ದಾರೆ. ಗುಡ್ಡಗಾಡಿನ ಜನರನ್ನು ತೋರಿಸಿದ ರೀತಿ ಮಾತ್ರ ನನಗೆ ಸರಿ ಕಾಣಲಿಲ್ಲ. ಅಲ್ಲಿಯವರಿಗೂ ಅದರ ಬೇಸರ ಇದೆ.

ಕೊನೆಯಲ್ಲಿ ಒಂದು ಭಾಗ ಬರುತ್ತದೆ. ನೀರು ಬರುವ ಮುಂಚೆ ಊರನ್ನು ಖಾಲಿ ಮಾಡುತ್ತಿರುತ್ತಾರೆ. ಸಮಾಧಿ ಅಗೆದು ಶವಪೆಟ್ಟಿಗೆ ಮೇಲೆತ್ತುತ್ತಾರೆ, ಚರ್ಚಿನ ಕಟ್ಟಡವನ್ನೇ ಇಡಿಯಾಗಿ ಗಾಡಿ ಮೇಲಿಟ್ಟು ಸಾಗಿಸುತ್ತಾರೆ. ಅಪ್ಪಯ್ಯನಿಗೆ ತೋರಿಸಬೇಕು ಅಂದುಕೊಂಡಿದ್ದು ಇದನ್ನೇ ಅಂತ ಆಗ ಗೊತ್ತಾಯಿತು. ಮುಂದಿನ ಸಲ ಊರಿಗೆ ಹೋದಾಗ ಮೊದಲೇ ಹೇಳಿ, ಒಪ್ಪಿಸಿ, ಅಷ್ಟು ಮಾತ್ರ ತೋರಿಸಿದೆ. ಚರ್ಚು ರಸ್ತೆಯಲ್ಲಿ ಹೋಗುವುದನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. “ನಾವು ದೇವರನ್ನಷ್ಟೇ ಎತ್ತಿಕೊಂಡು ಬಂದ್ವಿ, ಗುಡಿ ಅಲ್ಲೇ ಉಳೀತು” ಅಂದರು.