ಪ್ಲಾಟ್ ನಂಬರಿನ ಪಕ್ಕ ‘ಎ’ ಇದೆಯಾ? ಸ್ವಲ್ಪ ತಡೀರಿ

ಹುಬ್ಬಳ್ಳಿ-ಧಾರವಾಡದಲ್ಲಿ ಪ್ಲಾಟ್ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. 2016ರಲ್ಲಿ ನಾನು 9 ಲಕ್ಷ ಕೊಟ್ಟು ಒಂದು ಪಾರ್ಕಿನ ತುಂಡು ಖರೀದಿ ಮಾಡಿದೆ. ಅದು ಪಾರ್ಕು ಅಂತ ಗೊತ್ತಾಗಿದ್ದು 6 ವರ್ಷ ಆದ ಮೇಲೆ.

ಹುಬ್ಬಳ್ಳಿಯ ಒಂದು ಹಳೆಯ ಎನ್‌ಎ (ಕೃಷಿಯೇತರ) ಲೇಔಟ್, 30-40ರ ಪ್ಲಾಟ್. ಮಾರಿದವರ ಹೆಸರು ಬರೆಯುವುದಿಲ್ಲ, ಕೇಸು ನಡೆದಿದೆ. ನಾನೇನು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡಿರಲಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದೆ, ಯಾವ ಸಾಲವೂ ಇರಲಿಲ್ಲ. ಪಾಲಿಕೆಗೆ ತೆರಿಗೆ ತುಂಬಿದ ರಸೀದಿ ಇತ್ತು. ಲೇಔಟ್ ನಕ್ಷೆಯ ಜೆರಾಕ್ಸ್ ಕೂಡ ಕೊಟ್ಟರು. ಅದರಲ್ಲಿ ನನ್ನ ಪ್ಲಾಟ್ ಚಂದವಾಗಿ ಕಾಣುತ್ತಿತ್ತು, 38/ಎ. “ಕಾರ್ಪೊರೇಷನ್‌ನವ್ರ ಟ್ಯಾಕ್ಸ್ ತಗೊಂಡಾರ ಅಂದಮ್ಯಾಲೆ ಇನ್ನೇನ್ ಬೇಕ್ರಿ ಅಣ್ಣಾರ?” ಅಂದ ಏಜೆಂಟ್. ನನಗೂ ಹಾಗೇ ಅನ್ನಿಸಿತು. ನೋಂದಣಿ ಸಲೀಸಾಗಿ ಆಯಿತು.

ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ತೆರಿಗೆ ತುಂಬಿದೆ. ಆ ತಿಂಗಳು ತುಂಬಿದರೆ 5 ಪರ್ಸೆಂಟ್ ರಿಯಾಯಿತಿ ಸಿಗುತ್ತದಲ್ವಾ. ರಸೀದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೆ. ಆ ಫೈಲ್ ನೋಡಿದರೆ ಈಗ ನಗು ಬರುತ್ತದೆ.

2022ರಲ್ಲಿ ಕಂಪೌಂಡ್ ಕಟ್ಟಿಸಲು ಶುರು ಮಾಡಿದೆ. ವಾರದೊಳಗೆ ಪಾಲಿಕೆಯ ನೋಟಿಸ್ ಬಂತು. ಆಜೂಬಾಜೂ ಮನೆಯವರು ದೂರು ಕೊಟ್ಟಿದ್ದರು. ಫೈಲ್ ಎತ್ತಿಕೊಂಡು, ಜಗಳಕ್ಕೆ ರೆಡಿಯಾಗಿಯೇ ವಲಯ ಕಚೇರಿಗೆ ಹೋದೆ. ಅಲ್ಲಿನ ಇಂಜಿನಿಯರ್ ಜಾಸ್ತಿ ಮಾತಾಡಲಿಲ್ಲ. ಮಂಜೂರಾದ ಮೂಲ ನಕ್ಷೆ ತೆಗೆದು ಟೇಬಲ್ ಮೇಲೆ ಹಾಸಿದರು. 37 ಇತ್ತು, 38 ಇತ್ತು, ಆಮೇಲೆ 39. ‘ಎ’ ಎಲ್ಲೂ ಇರಲಿಲ್ಲ. 38ರ ಪಕ್ಕ ಹಸಿರು ಬಣ್ಣದ ಜಾಗ, ಅದರ ಮೇಲೆ ‘ಉದ್ಯಾನ’ ಅಂತ ಬರೆದಿತ್ತು.

ಲೇಔಟ್ ಮಾಡುವವರು ಒಂದಿಷ್ಟು ಜಾಗವನ್ನು ಉದ್ಯಾನಕ್ಕೆ, ಒಂದಿಷ್ಟನ್ನು ಸಿಎ (ನಾಗರಿಕ ಸೌಲಭ್ಯದ) ಸೈಟಿಗೆ ಬಿಡಲೇಬೇಕು. ಇಲ್ಲೂ ಬಿಟ್ಟಿದ್ದರು, ಕಾಗದದ ಮೇಲೆ. ಜಾಗದಲ್ಲಿ ಮಾತ್ರ ವರ್ಷಗಟ್ಟಲೆ ಜಾಲಿಕಂಟಿ ಬೆಳೆದಿತ್ತು, ಬೇಲಿ ಇಲ್ಲ, ಬೋರ್ಡ್ ಇಲ್ಲ. ಆಮೇಲೆ ಯಾರಿಂದಲೋ ಇನ್ನೊಂದು ನಕ್ಷೆ ಬರೆಸಿ, ಆ ಹಸಿರನ್ನು 6 ತುಂಡು ಮಾಡಿ, 38/ಎ, 38/ಬಿ ಅಂತ ನಂಬರ್ ಕೊಟ್ಟು ಮಾರಿದ್ದಾರೆ. ಹಾಗಂತ ‘ಎ’ ಇರುವ ಪ್ಲಾಟೆಲ್ಲ ಮೋಸವಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗಲೂ ಇಂಥ ನಂಬರ್ ಬರುತ್ತದೆ. ಆದರೆ ಪಾಲು ಯಾವಾಗ ಆಯಿತು, ಪತ್ರ ಎಲ್ಲಿದೆ ಅಂತ ಕೇಳಿ. ನಾನು ಕೇಳಿರಲಿಲ್ಲ.

ಇಸಿಯಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ. ನಕ್ಷೆಯಲ್ಲಿ ಜಾಗದ ಬಣ್ಣ ಯಾವುದು ಅಂತ ಅದು ಹೇಳುವುದಿಲ್ಲ. ಇನ್ನು ತೆರಿಗೆ ನಾವೇ ಲೆಕ್ಕ ಹಾಕಿ, ನಾವೇ ಘೋಷಿಸಿ ತುಂಬುವಂಥದ್ದು. ಅದರ ರಸೀದಿ ಅಂದರೆ ದುಡ್ಡು ಬಂತು ಅಂತ ಅರ್ಥ, ಅಷ್ಟೇ. ಜಾಗ ನಿಮ್ಮದು ಅಂತ ಅಲ್ಲ. ನನ್ನ ವಕೀಲರು ಇದನ್ನು ಹೇಳಿದಾಗ ಅವರ ಮೇಲೇ ಸಿಟ್ಟು ಬಂದಿತ್ತು.

ಕಂಪೌಂಡ್ ಒಡೆಯಲು ಜೆಸಿಬಿಗೆ ಅರ್ಧ ತಾಸೂ ಬೇಕಾಗಲಿಲ್ಲ. ದೂರು ಕೊಟ್ಟವರಲ್ಲಿ ಒಬ್ಬ ಅಜ್ಜ ಬಂದು ನನ್ನ ಪಕ್ಕ ನಿಂತರು. “ತಮ್ಮಾ, ನಿನ್ನ ಮ್ಯಾಲೆ ಸಿಟ್ಟಿಲ್ಲಪಾ. ನಮ್ಮ ಹುಡುಗ್ರಿಗೆ ಆಡಾಕ ಬ್ಯಾರೆ ಜಾಗ ಇಲ್ಲ” ಅಂದರು. ಏನು ಹೇಳಲಿ? ಆ ಓಣಿಯಲ್ಲಿ ನನ್ನ ಮನೆ ಇದ್ದಿದ್ದರೆ ನಾನೂ ಅವರ ಜೊತೆ ಸಹಿ ಹಾಕುತ್ತಿದ್ದೆ.

ಇಷ್ಟಕ್ಕೇ ಮುಗಿಯಲಿಲ್ಲ. 2025ರಲ್ಲಿ ಸರ್ಕಾರ ನಗರಗಳಲ್ಲಿ ಬಿ-ಖಾತಾ, ಅಂದರೆ ಅನುಮತಿ ಇಲ್ಲದ ಆಸ್ತಿಗೂ ಪಾಲಿಕೆಯ ದಾಖಲೆ, ಕೊಡಲು ಶುರು ಮಾಡಿದಾಗ ಇನ್ನೊಬ್ಬ ಬಂದ. 60 ಸಾವಿರ ಕೊಟ್ಟರೆ ನನ್ನ ಪ್ಲಾಟಿಗೂ ಮಾಡಿಸಿಕೊಡುತ್ತಾನಂತೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ನಾನು ದುಡ್ಡು ಹೊಂದಿಸಿದ್ದೆ ಕೂಡ. ಹೆಂಡತಿ ತಡೆದಳು. “ಮೊದ್ಲ ಪಾಲಿಕೆ ಕೌಂಟರಿನ್ಯಾಗ ಕೇಳ್ರಿ” ಅಂದಳು. ಕೇಳಿದೆ. ಬಿ-ಖಾತಾ ಇರುವುದು ಅನುಮತಿ ಇಲ್ಲದೆ ಆದ ಖಾಸಗಿ ಪ್ಲಾಟುಗಳಿಗೆ, ಪಾರ್ಕಿನ ಜಾಗಕ್ಕಲ್ಲ ಅಂದರು. 60 ಸಾವಿರ ಉಳಿಯಿತು.

ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ಮಾರುವವರು ಕೊಡುವ ಜೆರಾಕ್ಸ್ ನಂಬಬೇಡಿ. ನವನಗರದ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಸುಮ್ನೆ ಅಲೆದಾಡಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆ ಹಿಡಿದು ಜಾಗಕ್ಕೆ ಹೋಗಿ, ಮೂಲೆಯ ಪ್ಲಾಟಿನಿಂದ ಒಂದೊಂದೇ ಎಣಿಸುತ್ತ ಬನ್ನಿ. ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ. ನಾನು ಆ ಅಜ್ಜನ ಜೊತೆ 2016ರಲ್ಲೇ ಒಂದು ಚಹಾ ಕುಡಿದಿದ್ದರೆ 9 ಲಕ್ಷ ಉಳಿಯುತ್ತಿತ್ತು. ಈಗಂತೂ ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಅದಕ್ಕೇ ಕೆಲವರು ‘ಬಾಂಡ್ ಮೇಲೆ ಬರೆದು ಕೊಡ್ತೀವಿ, ಖಾತಾ ಆಮೇಲೆ’ ಅನ್ನುತ್ತಿದ್ದಾರೆ. ಅಂಥವರಿಗೆ ಕೈಮುಗಿದು ಎದ್ದು ಬನ್ನಿ.

ದುಡ್ಡು ವಾಪಸ್ ಬರುತ್ತದಾ ಗೊತ್ತಿಲ್ಲ, ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ನನ್ನಂತೆ ಮೋಸ ಹೋದ 6 ಜನರಲ್ಲಿ 4 ಜನ ಒಟ್ಟಾಗಿದ್ದೇವೆ. ಇನ್ನಿಬ್ಬರು ಸಿಕ್ಕಿಲ್ಲ. ಅವರು ಊರಲ್ಲೇ ಇಲ್ಲದಿರಬಹುದು, ಪ್ರತಿ ಏಪ್ರಿಲ್‌ನಲ್ಲಿ ತೆರಿಗೆಯನ್ನಂತೂ ತುಂಬುತ್ತಿರಬಹುದು.