ಮನೆಯಿಂದಲೇ ಮಾಡಿದ ಇಂಟರ್ನ್‌ಶಿಪ್: 5ಕ್ಕೆ 3.5

ಮೂರು ತಿಂಗಳ ರಿಮೋಟ್ ಇಂಟರ್ನ್‌ಶಿಪ್ ಕಳೆದ ವಾರ ಮುಗಿಯಿತು. ಸಣ್ಣ ಸಾಫ್ಟ್‌ವೇರ್ ಕಂಪನಿ, ಬ್ಯಾಕೆಂಡ್ ಕೆಲಸ, ಅಂದರೆ ಬಳಕೆದಾರರ ಕಣ್ಣಿಗೆ ಕಾಣದ ಸರ್ವರ್ ಕಡೆಯ ಕೋಡ್. ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಮೊದಲ ಎರಡು ವಾರಕ್ಕೆ.

ಮೊದಲ ದಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ರನ್ ಆಗಲೇ ಇಲ್ಲ. ಪ್ರಾಜೆಕ್ಟ್ ಶುರುಮಾಡುವುದು ಹೇಗೆ ಅಂತ ಹೇಳುವ ರೀಡ್‌ಮಿ ಫೈಲ್ ಯಾವ ಕಾಲದ್ದೋ. ಡೇಟಾಬೇಸ್ ವಿವರ ಇರಬೇಕಾದ ಫೈಲನ್ನು ಯಾರೂ ಕಳಿಸಿರಲಿಲ್ಲ. ಆಫೀಸಿನಲ್ಲಿದ್ದಿದ್ದರೆ ಪಕ್ಕದವರನ್ನು ಕೇಳಿದರೆ ಐದು ನಿಮಿಷದ ಕೆಲಸ, ಅಲ್ವಾ? ಇಲ್ಲಿ ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ 'ಹಲೋ ಸರ್' ಅಂತ ಹಾಕಿ ಕಾದೆ. ಸಂಜೆ ಉತ್ತರ ಬಂತು: 'ಹೇಳಿ'. ಪ್ರಶ್ನೆ ಕಳಿಸಿದೆ, ಮತ್ತೆ ಮರುದಿನದವರೆಗೆ ಕಾದೆ. ಎರಡು ದಿನ ಸುಮ್ನೆ ಹೋಯಿತು. ಹೊಸದಾಗಿ ಸೇರಿದವರನ್ನು ಹೀಗೆ ಬಿಟ್ಟುಬಿಡುವುದು ಸರಿಯಲ್ಲ, ಯಾಕಂದರೆ ಮನೆಯಲ್ಲಿ ಒಬ್ಬರೇ ಕೂತಿರುವಾಗ ತಪ್ಪು ಸೆಟಪ್‌ನಲ್ಲಿದೆಯೋ ನನ್ನಲ್ಲಿದೆಯೋ ಅಂತ ಗೊತ್ತಾಗುವುದೇ ಇಲ್ಲ.

ಆಮೇಲೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆಯತೊಡಗಿದೆ. ಏನು ಮಾಡಲು ಹೊರಟಿದ್ದೆ, ಯಾವ ಕಮಾಂಡ್ ಕೊಟ್ಟೆ, ಪೂರ್ತಿ ಎರರ್ ಏನು, ಈವರೆಗೆ ಏನೇನು ಮಾಡಿ ನೋಡಿದೆ. ಎಷ್ಟೋ ಸಲ ಬರೆಯುತ್ತಿರುವಾಗಲೇ ಉತ್ತರ ಹೊಳೆಯುತ್ತಿತ್ತು.

ಬೆಳಗಿನ ಸ್ಟ್ಯಾಂಡಪ್, ಅಂದರೆ ಟೀಮಿನ ದಿನನಿತ್ಯದ ಚುಟುಕು ಮೀಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕ್ರಮ್ ಅನ್ನುವ ಕೆಲಸದ ಪದ್ಧತಿಯ ಪ್ರಕಾರ ಅದು 15 ನಿಮಿಷದ್ದು. ನಮ್ಮದು ಮುಕ್ಕಾಲು ಗಂಟೆ ಎಳೆಯುತ್ತಿತ್ತು.

ಮೂರನೇ ವಾರ ಮೆಂಟರ್ ಬದಲಾದರು. ಅಲ್ಲಿಂದ ಎಲ್ಲ ಬೇರೆಯೇ ಆಯಿತು. ನನ್ನ ಮೊದಲ ಪುಲ್ ರಿಕ್ವೆಸ್ಟಿಗೆ (ನಾನು ಬರೆದ ಕೋಡನ್ನು ಪ್ರಾಜೆಕ್ಟಿಗೆ ಸೇರಿಸಿ ಅಂತ ಕೇಳುವುದು) ಹೊಸ ಮೆಂಟರ್ ಮೇಡಂ ಇಪ್ಪತ್ತಕ್ಕೂ ಜಾಸ್ತಿ ಕಾಮೆಂಟ್ ಬರೆದಿದ್ದರು. ಓದುವಾಗ ಕೈ ನಡುಗಿತು. ಆದರೆ ಒಂದರಲ್ಲೂ ಬೈಗುಳ ಇರಲಿಲ್ಲ, ಪ್ರತಿಯೊಂದರಲ್ಲೂ ಕಾರಣ ಇತ್ತು. ಲೂಪಿನ ಒಳಗೆ, ಅಂದರೆ ಮತ್ತೆ ಮತ್ತೆ ಓಡುವ ಕೋಡಿನಲ್ಲಿ, ನಾನು ಡೇಟಾಬೇಸ್ ಕ್ವೆರಿ (ಮಾಹಿತಿ ಕೇಳುವ ಪ್ರಶ್ನೆ) ಹಾಕಿದ್ದೆ. 100 ಆರ್ಡರ್ ತೋರಿಸಲು ಪಟ್ಟಿಗೊಂದು, ಪ್ರತಿ ಆರ್ಡರಿನ ಗ್ರಾಹಕರ ಹೆಸರಿಗೊಂದು, ಒಟ್ಟು 101 ಸಲ ಡೇಟಾಬೇಸಿನ ಬಾಗಿಲು ತಟ್ಟುತ್ತಿದ್ದೆ. ಇದಕ್ಕೆ ಎನ್ ಪ್ಲಸ್ ಒನ್ ಪ್ರಾಬ್ಲಮ್ ಅಂತಾರೆ, ಎರಡು ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ಬಳಸಿದರೆ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ ಅಂತ ವಿವರಿಸಿದ್ದರು. ಬಾಯಲ್ಲಿ ಹೇಳಿದ್ದರೆ ತಲೆಯಾಡಿಸಿ ಮರೆಯುತ್ತಿದ್ದೆ. ಬರೆದಿದ್ದರಿಂದ ರಾತ್ರಿ ಕೂತು ಮತ್ತೆ ಮತ್ತೆ ಓದಿದೆ. ರಿಮೋಟ್ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಇನ್ನೊಂದು ದಿನ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ, ಹಳೆಯ ಸ್ಥಿತಿಗೆ ಮರಳಿಸುವ ಹಾರ್ಡ್ ರಿಸೆಟ್ ಕೊಟ್ಟು ಎರಡು ದಿನದ ಕಮಿಟ್‌ಗಳನ್ನು (ಉಳಿಸಿಟ್ಟ ಬದಲಾವಣೆಗಳನ್ನು) ಕಳೆದುಕೊಂಡೆ. ಇನ್ನೂ ಪುಷ್ ಮಾಡಿರಲಿಲ್ಲ, ಅಂದರೆ ಸರ್ವರ್‌ಗೆ ಕಳಿಸಿರಲಿಲ್ಲ. ಅಳುವುದೊಂದೇ ಬಾಕಿ. ಮೇಡಂ ಕಾಲ್‌ಗೆ ಬಂದು ಸ್ಕ್ರೀನ್ ಶೇರ್ ಮಾಡಲು ಹೇಳಿದರು. 'ಕಮಿಟ್ ಮಾಡಿದ್ದು ಅಷ್ಟು ಬೇಗ ಅಳಿಸಿಹೋಗಲ್ಲ, ಗಾಬರಿ ಆಗಬೇಡಿ' ಅಂದರು. ಗಿಟ್‌ನಲ್ಲಿ ಇಟ್ಟ ಹಿಂದಿನ ಹೆಜ್ಜೆಗಳನ್ನು ತೋರಿಸುವ ರಿಫ್‌ಲಾಗ್ ಕಮಾಂಡ್ ನನ್ನಿಂದಲೇ ಟೈಪ್ ಮಾಡಿಸಿದರು. ಕಮಿಟ್‌ಗಳು ಅಲ್ಲೇ ಇದ್ದವು.

ಮನೆಯವರಿಗೆ ಮಾತ್ರ ಇದು ಕೆಲಸ ಅಂತ ಅನಿಸಲು ಒಂದು ತಿಂಗಳು ಬೇಕಾಯಿತು. ಬಾಗಿಲು ಹಾಕಿದರೆ ಮೀಟಿಂಗ್ ಅಂತ ಒಪ್ಪಂದ ಮಾಡಿಕೊಂಡೆವು.

ಇದೇ ಮೆಂಟರ್ ಸಿಗುವುದಾದರೆ ನಾಳೆಯೇ ಮತ್ತೆ ಸೇರುತ್ತೇನೆ. ಬೇರೆ ಕಡೆಯಾದರೆ ಇಂಟರ್‌ವ್ಯೂನಲ್ಲೇ ಕೇಳುತ್ತೇನೆ: ನನ್ನ ಕೋಡ್ ನೋಡುವವರು ಯಾರು, ನಾನು ಸಿಕ್ಕಿಹಾಕಿಕೊಂಡರೆ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ? ಹೆಸರು ಹೇಳಲು ತಡವರಿಸಿದರೆ ಸೇರುವುದಿಲ್ಲ.