ಸೆನ್ಸರ್ ಕನೆಕ್ಟ್ ಆಗ್ತಿಲ್ಲ ಅಂತ ಮೊದಲೇ ‘ರೀಸೆಟ್’ ಒತ್ತಬೇಡಿ

ಬ್ಲೂಟೂತ್ ಲೋ ಎನರ್ಜಿ, ಅಂದರೆ ಬಿಎಲ್‌ಇ ಸೆನ್ಸರ್ ಕಂಪ್ಯೂಟರಿಗೆ ಕನೆಕ್ಟ್ ಆಗದಿದ್ದರೆ ಸಿಗುವ ಸಲಹೆ ಯಾವಾಗಲೂ ಒಂದೇ: ಪಟ್ಟಿಯಿಂದ ತೆಗೆಯಿರಿ, ಸೆನ್ಸರ್ ರೀಸೆಟ್ ಮಾಡಿ, ಮತ್ತೆ ಪೇರ್ ಮಾಡಿ, ಅದಕ್ಕೂ ಜಗ್ಗದಿದ್ದರೆ ಫರ್ಮ್‌ವೇರ್ (ಸೆನ್ಸರ್ ಚಿಪ್ಪಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಇದನ್ನು ಚಾಚೂ ತಪ್ಪದೆ ಪಾಲಿಸಿ, ಚೆನ್ನಾಗಿದ್ದ ತಾಪಮಾನ ಸೆನ್ಸರೊಂದು ಕೈಬಿಟ್ಟು ಹೋದ ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆದಿದೆ. ದೋಷ ಸೆನ್ಸರಿನದಾಗಿರಲೇ ಇಲ್ಲ.

ಸಿಆರ್2032 ಬಟನ್ ಸೆಲ್ ಹಾಕಿದ, ಅಳತೆಗಳನ್ನು ತನ್ನ ಮೆಮೊರಿಯಲ್ಲೇ ಕೂಡಿಡುವ ಸೆನ್ಸರ್ ಅದು. ಡೆಸ್ಕ್‌ಟಾಪ್‌ನ ಹಿಂಬದಿಯ ಯುಎಸ್‌ಬಿ 3 ಪೋರ್ಟಿನಲ್ಲಿ ಪುಟ್ಟ ಬ್ಲೂಟೂತ್ ಡಾಂಗಲ್, ಅದಕ್ಕೆ ಅಂಟಿಕೊಂಡಂತೆ ಬ್ಯಾಕಪ್ ಹಾರ್ಡ್ ಡಿಸ್ಕ್. ಸೆನ್ಸರ್ ಕನೆಕ್ಟ್ ಆಗುತ್ತಿತ್ತು, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕಡಿದುಹೋಗುತ್ತಿತ್ತು. ಒಮ್ಮೊಮ್ಮೆ ಮಾತ್ರ ಗಂಟೆಗಟ್ಟಲೆ ನಿಲ್ಲುತ್ತಿತ್ತು. ರೀಸೆಟ್ ಮಾಡಿದಾಗ ಕೂಡಿಟ್ಟ ಅಳತೆಗಳೆಲ್ಲ ಅಳಿಸಿಹೋದವು, ತೊಂದರೆ ಹಾಗೇ ಉಳಿಯಿತು. ಕೊನೆಗೆ ಅದೇ ಕಡಿಯುವ ಕನೆಕ್ಷನ್ ಮೇಲೇ ಫರ್ಮ್‌ವೇರ್ ಕಳಿಸಿದರು. ಚಿಪ್ಪಿನಲ್ಲಿ ಎರಡು ಫರ್ಮ್‌ವೇರ್‌ಗೆ ಜಾಗ ಇರಲಿಲ್ಲ, ಹಾಗಾಗಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ತೊಡಗಿತು. ನಡುವೆ ಕನೆಕ್ಷನ್ ಹೋಯಿತು, ಸೆನ್ಸರ್ ಪಟ್ಟಿಯಿಂದಲೇ ಮಾಯವಾಯಿತು.

ಮೊದಲು ಕೇಳಬೇಕಿದ್ದ ಪ್ರಶ್ನೆ: ಕನೆಕ್ಷನ್ ಯಾವ ಕಾರಣ ಹೇಳಿ ಕಡಿಯಿತು? ಬಿಎಲ್‌ಇಯಲ್ಲಿ ಪ್ರತಿ ಡಿಸ್‌ಕನೆಕ್ಟ್‌ಗೂ ಒಂದು ಕೋಡ್ ಇರುತ್ತದೆ. ‘ಕನೆಕ್ಷನ್ ವಿಫಲ’ ಎನ್ನುವ ಆ್ಯಪ್ ಅದನ್ನು ತೋರಿಸುವುದಿಲ್ಲ, ಅಷ್ಟೆ. ಲಿನಕ್ಸ್‌ನಲ್ಲಿ ಒಂದು ಟರ್ಮಿನಲ್‌ನಲ್ಲಿ ಸುಡೊ ಹಾಕಿ, ಬ್ಲೂಟೂತ್ ಸಂದೇಶಗಳನ್ನು ದಾಖಲಿಸುವ ‘ಬಿಟಿಮಾನ್’ (sudo btmon) ಓಡಿಸಿಟ್ಟು, ಇನ್ನೊಂದರಲ್ಲಿ ‘ಬ್ಲೂಟೂತ್‌ಸಿಟಿಎಲ್’ (bluetoothctl) ನಿಂದ ಕನೆಕ್ಟ್ ಮಾಡಿ. ಮ್ಯಾಕ್‌ನಲ್ಲಿ ಆ್ಯಪಲ್‌ನ ಡೆವಲಪರ್ ಸಾಧನಗಳ ಜೊತೆ ಬರುವ ಪ್ಯಾಕೆಟ್‌ಲಾಗರ್ ಇದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಬ್ಲೂಟೂತ್ ವರ್ಚುವಲ್ ಸ್ನಿಫರ್ ಅನ್ನು ವೈರ್‌ಶಾರ್ಕ್ ಜೊತೆ ಬಳಸಬಹುದು.

ಕೋಡ್‌ಗಳು ಹೆಕ್ಸ್‌ನಲ್ಲಿ, ಅಂದರೆ ಅಂಕಿಗಳ ಜೊತೆ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಬರುವ ಎಣಿಕೆಯಲ್ಲಿ, ಇರುತ್ತವೆ. 08 ಬಂದರೆ ನಿಗದಿತ ಅವಧಿಯಲ್ಲಿ (ಟೈಮ್‌ಔಟ್) ಎದುರು ಕಡೆಯಿಂದ ಒಂದು ಪ್ಯಾಕೆಟ್ಟೂ, ಅಂದರೆ ಒಂದು ಪುಟ್ಟ ರೇಡಿಯೋ ಸಂದೇಶವೂ ಕೇಳಿಸಲಿಲ್ಲ ಎಂದರ್ಥ. ರೇಡಿಯೋ ಗದ್ದಲ, ದೂರ ಅಥವಾ ಸೆಲ್ಲನ್ನು ಅನುಮಾನಿಸಿ. 3ಇ ಬಂದರೆ ಕನೆಕ್ಷನ್ ಶುರುವೇ ಆಗಲಿಲ್ಲ. 06 ಮತ್ತು 3ಡಿ ಹೆಚ್ಚಾಗಿ ಕೀ (ಪೇರ್ ಮಾಡಿದಾಗ ಎರಡೂ ಕಡೆ ಉಳಿಸಿಕೊಳ್ಳುವ ಗುಪ್ತ ಸಂಖ್ಯೆ) ಜಗಳ: ಒಂದು ಕಡೆ ಕೀ ಕಳೆದಿದೆ, ಅಥವಾ ಎರಡೂ ಕಡೆಯ ಕೀ ತಾಳೆಯಾಗುತ್ತಿಲ್ಲ. 13 ಬಂದರೆ ಸೆನ್ಸರೇ ಬೇಕೆಂದು ಕಡಿದಿದೆ, ವಿದ್ಯುತ್ ಉಳಿಸಲು ಹಾಗೆ ಮಾಡುವ ಸೆನ್ಸರ್‌ಗಳು ಬಹಳ. 16 ಬಂದರೆ ಕಡಿದದ್ದು ನಿಮ್ಮ ಕಂಪ್ಯೂಟರೇ. ರೀಸೆಟ್ ಮಾಡಿ ಮತ್ತೆ ಪೇರ್ ಮಾಡುವ ಮದ್ದು ತಟ್ಟುವುದು ಮುಖ್ಯವಾಗಿ ಕೀ ಜಗಳಕ್ಕೆ. ಮೇಲಿನ ಪ್ರಕರಣದಲ್ಲಿ ಇದ್ದದ್ದು 08.

ಯಾಕೆ 08? ಯುಎಸ್‌ಬಿ 3ರ 5 ಗಿಗಾಬಿಟ್ ಸಿಗ್ನಲ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಅಗಲವಾಗಿ ರೇಡಿಯೋ ಗದ್ದಲ ಸೋರುತ್ತದೆ. ಬ್ಲೂಟೂತ್ ಇರುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಬ್ಯಾಕಪ್ ನಡೆಯುವಾಗ ಗದ್ದಲ ಏರುತ್ತದೆ, ಡಿಸ್ಕ್ ಸುಮ್ಮನಿದ್ದಾಗ ಇಳಿಯುತ್ತದೆ. ‘ಒಮ್ಮೊಮ್ಮೆ ಗಂಟೆಗಟ್ಟಲೆ ನಿಲ್ಲುತ್ತದೆ’ ಎಂಬುದರ ಗುಟ್ಟು ಇಷ್ಟೇ. ಇಲ್ಲಿ ಸಿಗ್ನಲ್ ಬಲದ ಅಂಕಿ, ಅಂದರೆ ಆರ್‌ಎಸ್‌ಎಸ್‌ಐ, ನೋಡಿ ಮೋಸಹೋಗುವವರೇ ಹೆಚ್ಚು. ಮೈನಸ್ 60 ತೋರಿಸುತ್ತಿದೆ, ಸಿಗ್ನಲ್ ಚೆನ್ನಾಗಿದೆಯಲ್ಲ ಎನ್ನುತ್ತಾರೆ. ಆದರೆ ಆ ಅಂಕಿ ಸಿಗುವುದು ಬಂದು ತಲುಪಿದ ಪ್ಯಾಕೆಟ್‌ಗಳಿಂದ ಮಾತ್ರ. ಕಳೆದುಹೋದವುಗಳ ಸುದ್ದಿ ಅದರಲ್ಲಿ ಇರುವುದಿಲ್ಲ.

ಶುರುವಿನ ಕೆಲವು ಸೆಕೆಂಡು ಮಾತ್ರ ಸರಾಗವಾಗಿ ನಡೆಯುವುದಕ್ಕೂ ಕಾರಣವಿದೆ. ಕನೆಕ್ಟ್ ಆದ ಹೊಸತರಲ್ಲಿ ಎರಡೂ ಕಡೆ ಕೆಲವು ಮಿಲಿಸೆಕೆಂಡಿಗೊಮ್ಮೆ ಮಾತಾಡಿಕೊಳ್ಳುತ್ತವೆ. ಸುಮಾರು 5 ಸೆಕೆಂಡು ಕಳೆದ ಮೇಲೆ ಸೆನ್ಸರ್ ‘ಇನ್ನು ಸೆಕೆಂಡಿಗೊಮ್ಮೆ ಸಾಕು’ ಎಂದು ಕೇಳಿಕೊಳ್ಳುತ್ತದೆ, ಬಟನ್ ಸೆಲ್ ತಿಂಗಳುಗಟ್ಟಲೆ ಬಾಳಬೇಕಲ್ಲ. ಟೈಮ್‌ಔಟ್ 4 ಸೆಕೆಂಡು ಎಂದಿದ್ದರೆ, ಸಾಲಾಗಿ ಮೂರ್ನಾಲ್ಕು ಸರದಿ ತಪ್ಪಿದರೆ ಕನೆಕ್ಷನ್ ಮುಗಿಯಿತು. ಅದೇ ಗದ್ದಲದಲ್ಲಿ ಶುರುವಿನ ನೂರಾರು ಸರದಿಗಳಲ್ಲಿ ಒಂದಷ್ಟು ತಪ್ಪಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಫರ್ಮ್‌ವೇರ್ ನೀವೇ ಬರೆಯುವವರಾದರೆ ಟೈಮ್‌ಔಟನ್ನು ಧಾರಾಳವಾಗಿಡಿ, 32 ಸೆಕೆಂಡಿನವರೆಗೂ ಅವಕಾಶವಿದೆ. ಸೆನ್ಸರ್ ಎಷ್ಟು ಸರದಿ ಬಿಟ್ಟುಬಿಡಬಹುದು ಎಂದು ಹೇಳುವ ಲೇಟೆನ್ಸಿ 4, ಸರದಿಗಳ ನಡುವಿನ ಅಂತರವಾದ ಇಂಟರ್ವಲ್ 1 ಸೆಕೆಂಡು ಎಂದಿಟ್ಟರೆ ಟೈಮ್‌ಔಟ್ 10 ಸೆಕೆಂಡಿಗಿಂತ ಹೆಚ್ಚಿರಲೇಬೇಕು, ಇಲ್ಲವಾದರೆ ಆ ಕೋರಿಕೆಯೇ ನಿಯಮಕ್ಕೆ ಹೊರತು.

ಪರಿಹಾರ ಏನಾಗಿತ್ತು ಗೊತ್ತೇ? ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್. ಡಾಂಗಲ್ಲನ್ನು ಅದರ ತುದಿಗೆ ಸಿಕ್ಕಿಸಿ, ಲೋಹದ ಕ್ಯಾಬಿನೆಟ್ ಮತ್ತು ಡಿಸ್ಕ್‌ನಿಂದ ದೂರ ಮೇಜಿನ ಮೇಲಿಟ್ಟರೆ ಸಾಕಿತ್ತು. ಪರೀಕ್ಷೆ ಇನ್ನೂ ಸುಲಭ: ಡಿಸ್ಕ್ ಕಿತ್ತು ಹತ್ತು ನಿಮಿಷ ನೋಡಿ, ಮತ್ತೆ ಹಾಕಿ ದೊಡ್ಡ ಫೈಲೊಂದನ್ನು ಕಾಪಿ ಮಾಡುತ್ತಾ ನೋಡಿ. ಲ್ಯಾಪ್‌ಟಾಪ್ ಆದರೆ ಇದರ ಜೊತೆ ವೈಫೈಯನ್ನು 2.4ರಿಂದ 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ.

08ಕ್ಕೆ ಇನ್ನೊಂದು ಕಾರಣ ಸೆಲ್. ಮಲ್ಟಿಮೀಟರ್‌ನಲ್ಲಿ 3 ವೋಲ್ಟ್ ಬಂತೆಂದು ಸುಮ್ಮನಾಗಬೇಡಿ. ಹಳೆಯ ಸೆಲ್‌ನ ಒಳ ಪ್ರತಿರೋಧ ಏರಿರುತ್ತದೆ, ಚಳಿಗೆ ಇನ್ನಷ್ಟು ಏರುತ್ತದೆ; ರೇಡಿಯೋ ಆನ್ ಆಗಿ ಮಿಲಿಆಂಪಿಯರ್‌ಗಳ ಹೊಡೆತ ಬಿದ್ದ ಕ್ಷಣ ವೋಲ್ಟೇಜ್ ಕುಸಿದು ಚಿಪ್ ರೀಸ್ಟಾರ್ಟ್ ಆಗುತ್ತದೆ. ಸೆಲ್ಲನ್ನು ಹೊರತೆಗೆದು, ಅದರ ಎರಡೂ ತುದಿಗೆ 330 ಓಮ್ ರೆಸಿಸ್ಟರ್ ಒಂದೆರಡು ಸೆಕೆಂಡು ಹಿಡಿದು ಅಳೆಯಿರಿ. ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ. ಹೊಸ ಸೆಲ್ 2.8ರ ಆಸುಪಾಸು ನಿಲ್ಲುತ್ತದೆ, 2.5ಕ್ಕಿಂತ ಕೆಳಗಿಳಿದರೆ ಬದಲಿಸಿ.

ಸೆನ್ಸರ್ ಸ್ಕ್ಯಾನ್‌ನಲ್ಲೇ ಕಾಣುತ್ತಿಲ್ಲವಾದರೆ ಮೊದಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಬಹುಪಾಲು ಸಣ್ಣ ಸೆನ್ಸರ್‌ಗಳು ಒಬ್ಬರ ಜೊತೆ ಮಾತ್ರ ಕನೆಕ್ಟ್ ಆಗಿ, ಆಮೇಲೆ ತಮ್ಮ ಇರುವಿಕೆಯನ್ನು ಸಾರುವುದನ್ನೇ ನಿಲ್ಲಿಸುತ್ತವೆ. ಫೋನಿನ ಆ್ಯಪ್ ಹಿನ್ನೆಲೆಯಲ್ಲಿ ಅದನ್ನು ಹಿಡಿದುಕೊಂಡಿರುತ್ತದೆ. ಸ್ಕ್ಯಾನ್ ಅನ್ನೂ ಅರ್ಧ ನಿಮಿಷವಾದರೂ ಬಿಡಿ, ಎರಡು ಸಾರುವಿಕೆಗಳ ನಡುವಿನ ಅಂತರ 10 ಸೆಕೆಂಡು ದಾಟಿದರೂ ನಿಯಮದ ಒಳಗೇ ಇರುತ್ತದೆ. ನಿನ್ನೆ ಸಿಕ್ಕ ವಿಳಾಸ ಇವತ್ತು ಸಿಗದಿದ್ದರೆ, ಆಗಾಗ ವಿಳಾಸ ಬದಲಿಸುವ ಸೆನ್ಸರ್ ಅದಾಗಿರಬಹುದು. ಸ್ಕ್ರಿಪ್ಟ್‌ನಲ್ಲಿ ವಿಳಾಸ ಬರೆದಿಡದೆ ಸರ್ವಿಸ್ ಯುಯುಐಡಿಯಿಂದ, ಅಂದರೆ ಸೆನ್ಸರ್ ಒದಗಿಸುವ ಸೇವೆಯ ಗುರುತು ಸಂಖ್ಯೆಯಿಂದ ಹುಡುಕಿ. ಮ್ಯಾಕ್ ಅಂತೂ ನಿಜವಾದ ವಿಳಾಸವನ್ನು ಆ್ಯಪ್‌ಗಳಿಗೆ ತೋರಿಸುವುದೇ ಇಲ್ಲ.

ಇನ್ನು ಕೀ ಜಗಳವೇ ಆಗಿದ್ದರೆ ಎರಡೂ ಕಡೆ ಅಳಿಸಬೇಕು. ಕಂಪ್ಯೂಟರಿನಲ್ಲಿ ಮಾತ್ರ ತೆಗೆದರೆ ಸೆನ್ಸರ್ ಹಳೆಯ ಕೀ ಹಿಡಿದು ಕೂತಿರುತ್ತದೆ, ಒಂದೇ ಕೀಗೆ ಜಾಗವಿರುವ ಸೆನ್ಸರ್ ಹೊಸಬರನ್ನು ಒಳಗೇ ಬಿಡದಿರಬಹುದು. ಸೆನ್ಸರಿನಲ್ಲಿ ಅಳತೆಗಳಿದ್ದರೆ, ಹಿಂದೆ ಕನೆಕ್ಟ್ ಆಗುತ್ತಿದ್ದ ಫೋನಿನಿಂದಲಾದರೂ ಅವನ್ನು ಇಳಿಸಿಕೊಂಡ ಮೇಲೆಯೇ ರೀಸೆಟ್ ಮುಟ್ಟಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ ಈ ಜಗಳ ತಪ್ಪಿದ್ದಲ್ಲ. ಅಡಾಪ್ಟರ್ ಒಂದೇ, ವಿಳಾಸ ಒಂದೇ. ಒಂದರಲ್ಲಿ ಪೇರ್ ಮಾಡಿದ ಕೂಡಲೇ ಇನ್ನೊಂದರ ಕೀ ಕೆಲಸಕ್ಕೆ ಬಾರದಂತಾಗುತ್ತದೆ. ಅಂದಹಾಗೆ, ಎಷ್ಟೋ ಸೆನ್ಸರ್‌ಗಳಿಗೆ ಪೇರಿಂಗ್ ಬೇಕಾಗಿಯೇ ಇಲ್ಲ, ಆ್ಯಪ್ ನೇರವಾಗಿ ಕನೆಕ್ಟ್ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಟೆಡ್’ ಎಂದು ಬರಲಿಲ್ಲ ಎಂದು ಸುಮ್ಮನೆ ಗುದ್ದಾಡಬೇಡಿ.

ಫರ್ಮ್‌ವೇರ್ ಅಪ್‌ಡೇಟ್ ನಿಜಕ್ಕೂ ಬೇಕಿದ್ದರೆ ಹೊಸ ಸೆಲ್ ಹಾಕಿ, ಸೆನ್ಸರನ್ನು ಒಂದು ಮೀಟರಿನೊಳಗೆ ಇಟ್ಟು, ಕನೆಕ್ಷನ್ ಅರ್ಧ ಗಂಟೆ ಕಡಿಯದೆ ನಿಂತದ್ದನ್ನು ಕಂಡ ಮೇಲೆ ಮಾಡಿ. ಅಪ್‌ಡೇಟ್ ಆದ ನಂತರ ಕನೆಕ್ಟ್ ಆಗಿಯೂ ಅಳತೆ ಬರುತ್ತಿಲ್ಲವಾದರೆ ಕಂಪ್ಯೂಟರ್ ಹಳೆಯ ಸರ್ವಿಸ್ ಪಟ್ಟಿಯನ್ನೇ ನೆನಪಿಟ್ಟುಕೊಂಡಿರಬಹುದು. ಲಿನಕ್ಸ್‌ನಲ್ಲಿ ಇದು ‘ವಾರ್’ ಒಳಗಿನ ‘ಲಿಬ್’, ಅದರೊಳಗಿನ ‘ಬ್ಲೂಟೂತ್’ ಫೋಲ್ಡರಿನಲ್ಲಿ (/var/lib/bluetooth) ಅಡಾಪ್ಟರ್ ವಿಳಾಸದ ಕೆಳಗೆ ‘ಕ್ಯಾಶ್’ ಎಂಬ ಹೆಸರಲ್ಲಿರುತ್ತದೆ. ಬ್ಲೂಟೂತ್ ಸೇವೆ ನಿಲ್ಲಿಸಿ, ಆ ಸೆನ್ಸರಿನ ಫೈಲನ್ನು ಮಾತ್ರ ತೆಗೆದು, ಸೇವೆಯನ್ನು ಮತ್ತೆ ಶುರುಮಾಡಿ.

ಅಪ್‌ಡೇಟ್ ನಡುವೆ ಕಡಿದು ಸೆನ್ಸರ್ ಮಾಯವಾಗಿದ್ದರೂ ತಕ್ಷಣ ಎಸೆಯಬೇಡಿ. ನಾರ್ಡಿಕ್ ಕಂಪನಿಯ ಚಿಪ್‌ಗಳ ಬೂಟ್‌ಲೋಡರ್ (ಫರ್ಮ್‌ವೇರನ್ನು ಶುರುಮಾಡುವ, ಹೊಸದನ್ನು ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂ) ಹಲವು ಸಲ ಬೇರೆ ಹೆಸರಿನಲ್ಲಿ, ಮೂಲ ವಿಳಾಸಕ್ಕೆ ಒಂದು ಕೂಡಿಸಿದ ವಿಳಾಸದಲ್ಲಿ ಎದ್ದು ಕೂತು ಫರ್ಮ್‌ವೇರ್‌ಗಾಗಿ ಕಾಯುತ್ತಿರುತ್ತದೆ. ಹಳೆಯ ಹೆಸರನ್ನೇ ಹುಡುಕುವ ಆ್ಯಪ್‌ಗೆ ಅದು ಕಾಣುವುದಿಲ್ಲ. ಹೀಗೆ ಕಾಯುವಾಗ ಅದು ನಿದ್ದೆಗೆ ಜಾರದೆ ಸೆಲ್ಲನ್ನು ಬೇಗ ಖಾಲಿ ಮಾಡುತ್ತದೆ. ಆದ್ದರಿಂದ ಮೊದಲು ಸೆಲ್ ತೆಗೆದಿಡಿ. ಸರಿಯಾದ ಫರ್ಮ್‌ವೇರ್ ಫೈಲ್ ಕೈಗೆ ಸಿಕ್ಕ ಮೇಲೆ ಹೊಸ ಸೆಲ್ ಹಾಕಿ, ಎನ್‌ಆರ್‌ಎಫ್ ಕನೆಕ್ಟ್‌ನಂಥ ಆ್ಯಪ್‌ನಲ್ಲಿ ಹೆಸರಿನ ಫಿಲ್ಟರ್ ಇಲ್ಲದೆ ಸ್ಕ್ಯಾನ್ ಮಾಡಿ, ಆ ಹೊಸ ವಿಳಾಸಕ್ಕೇ ಫೈಲ್ ಕಳಿಸಿ.